ಒಂಬತ್ತು ಮೈಲಿ ದಿಬ್ಬದ ಮೇಲಿಂದ

ಅರಿಜೋನಾದಿಂದ ಇಂಟರ್‌ಸ್ಟೇಟ್ 40ರ ದಾರಿಯಲ್ಲಿ ದಿನವಿಡೀ ಬಯಲು ಸವೆಸಿದ ನಮ್ಮ ಆರ್‌ವಿ (ಒಳಗೇ ಮನೆಯಂತೆ ವಾಸಿಸಬಹುದಾದ ಬಂಡಿ) ಸೆಪ್ಟೆಂಬರಿನ ಒಂದು ಸಂಜೆ ನೈನ್ ಮೈಲ್ ಹಿಲ್‌ನ ನೆತ್ತಿಗೆ ಬಂದಾಗ, ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ನಗರ ಕಣ್ಣೆದುರು ಒಮ್ಮೆಗೇ ಬಿಚ್ಚಿಕೊಂಡಿತು. ನಡುವೆ ರಿಯೊ ಗ್ರಾಂಡೆ ನದಿಯ ದಂಡೆಗುಂಟ ಕಾಟನ್‌ವುಡ್ ಮರಗಳ ಹಸಿರು ಪಟ್ಟಿ, ಅದರಾಚೆ ಮನೆಗಳ ಹರವು, ಕೊನೆಗೆ ಗೋಡೆಯಂತೆ ಎದ್ದು ನಿಂತ ಸಾಂಡಿಯಾ ಬೆಟ್ಟಸಾಲು. ಪಕ್ಕದಲ್ಲಿ ಕುಳಿತ ನನ್ನ ಹೆಂಡತಿ ಅದನ್ನು ಕಣ್ತುಂಬ ನೋಡಿದಳು. ನಾನು ಮಾತ್ರ ಮೂವತ್ತು ಅಡಿ ಉದ್ದದ ಬಂಡಿಯನ್ನು ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ತಂದು ವೇಗ ಹಿಡಿದಿಡುವುದರಲ್ಲೇ ಮುಳುಗಿದ್ದೆ.

ಊರು ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆಯೆಂಬುದನ್ನು ನಮಗೆ ಮೊದಲು ತಿಳಿಸಿದ್ದು ಹೊರಗಿನ ಗಾಳಿಯ ಒತ್ತಡ ತಗ್ಗಿ ಕಪಾಟಿನಲ್ಲಿ ಚೆಂಡಿನಂತೆ ಉಬ್ಬಿದ್ದ ಚಿಪ್ಸ್ ಪೊಟ್ಟಣ. ಎರಡನೆಯದಾಗಿ ತಿಳಿಸಿದ್ದು ನನ್ನ ಉಸಿರು: ಬಂಡಿಯನ್ನು ಸಮತಟ್ಟಾಗಿ ನಿಲ್ಲಿಸಲು ಚಕ್ರಗಳಡಿ ಹಲಗೆಯಿಟ್ಟು, ನೀರಿನ ಕೊಳವೆ ಮತ್ತು ವಿದ್ಯುತ್ ತಂತಿ ಜೋಡಿಸುವಷ್ಟರಲ್ಲಿ ಎರಡು ಸಲ ಕೂರಬೇಕಾಯಿತು.

ಮರುದಿನ ನಾನು ಮಾಡಿದ್ದು ಶುದ್ಧ ದಡ್ಡತನ. 1937ರಿಂದ ರೂಟ್ 66 ಎಂಬ ಹೆಸರಾಂತ ಹಳೆಯ ಹೆದ್ದಾರಿ ಹಾದುಹೋಗುತ್ತಿದ್ದ ಸೆಂಟ್ರಲ್ ಅವೆನ್ಯೂನಲ್ಲಿ ಬಂಡಿ ಓಡಿಸಲೇಬೇಕೆಂಬ ಹುಚ್ಚಿನಿಂದ, ನಕ್ಷೆಯನ್ನು ಸರಿಯಾಗಿ ನೋಡದೆ ಅಲ್ಲಿಗೆ ನುಗ್ಗಿದೆ. ಆ ರಸ್ತೆಯ ನಡುಭಾಗ ಈಗ ಬಹುತೇಕ ಬಸ್ಸುಗಳಿಗೇ ಮೀಸಲು. ನಾಬ್ ಹಿಲ್ ಬಡಾವಣೆಯಲ್ಲಿ ಉಳಿದ ವಾಹನಗಳಿಗೆ ಒಂದೊಂದು ದಿಕ್ಕಿಗೆ ಒಂದೇ ಸಾಲು, ಎಡಕ್ಕೆ ತಿರುಗುವುದು ಸಿಗ್ನಲ್ ಇರುವಲ್ಲಿ ಮಾತ್ರ. ತಿರುವು ತಪ್ಪಿತು, ಹಿಂದೆ ಕಾರುಗಳ ಸಾಲು ಬೆಳೆಯಿತು, ಬಲಕ್ಕೆ ಹೊರಳುವಾಗ ಬಂಡಿಯ ಬಾಲ ಎಲ್ಲಿ ಕಂಬಕ್ಕೆ ತಾಗುವುದೋ ಎಂದು ಬೆವತೆ. ಹಳೆಯ ಮೋಟೆಲುಗಳ ನಿಯಾನ್ ಫಲಕಗಳಲ್ಲಿ ಒಂದನ್ನೂ ನೋಡಲಾಗಲಿಲ್ಲ. ಇದು ಅತಿಥಿಗಳನ್ನು ಒಲ್ಲದ ಊರೆಂದು ಆ ಮಧ್ಯಾಹ್ನ ತೀರ್ಮಾನಿಸಿಬಿಟ್ಟೆ.

ಮೂರನೆಯ ದಿನ ಬಂಡಿಯನ್ನು ತಂಗುದಾಣದಲ್ಲೇ ಬಿಟ್ಟು ಬಸ್ಸು ಹತ್ತಿದೆವು. ಟಿಕೆಟ್ಟಿಗೆಂದು ಚಿಲ್ಲರೆ ತೆಗೆದಾಗ ಚಾಲಕಿ ನಕ್ಕು ಕೈಯಾಡಿಸಿದರು. ಇಲ್ಲಿ ನಗರ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ. ಹಿಂದಿನ ದಿನ ನನ್ನನ್ನು ಕಾಡಿದ್ದ ಅದೇ ನಡುಸಾಲಿನಲ್ಲಿ ಈಗ ನಾವೇ ಸರಾಗವಾಗಿ ಸಾಗುತ್ತಿದ್ದೆವು, ಪಕ್ಕದಲ್ಲಿ ತೆವಳುತ್ತಿದ್ದ ಕಾರುಗಳನ್ನು ಕಂಡು ನನಗೆ ತುಸು ಸಣ್ಣತನದ ಖುಷಿಯೂ ಆಯಿತು. ಓಲ್ಡ್ ಟೌನಿನ ಚೌಕದಲ್ಲಿ, 1793ರ ಸ್ಯಾನ್ ಫೆಲಿಪೆ ಡೆ ನೆರಿ ಚರ್ಚಿನ ದಪ್ಪ ಮಣ್ಣಿಟ್ಟಿಗೆಯ ಗೋಡೆಗಳ ತಂಪಿನಲ್ಲಿ ಕುಳಿತಾಗ, ಈ ಊರಿಗೇಕೆ ಎರಡು ನಡುಕೇಂದ್ರಗಳೆಂಬುದು ತಿಳಿಯಿತು: 1706ರಲ್ಲಿ ಸ್ಪೇನಿನವರು ಕಟ್ಟಿದ ಊರನ್ನು ಬಿಟ್ಟು, 1880ರಲ್ಲಿ ರೈಲು ಸುಮಾರು ಎರಡು ಮೈಲಿ ಪೂರ್ವಕ್ಕೆ ಬಂದು ನಿಂತಿತು, ವ್ಯಾಪಾರವೆಲ್ಲ ಹಳಿಗಳ ಬಳಿಗೆ ಹೋಯಿತು, ಹಳೆಯ ಚೌಕ ತನ್ನ ಪಾಡಿಗೆ ಉಳಿಯಿತು.

ಸಂಜೆ ಹಿಂತಿರುಗಿದಾಗ ಪಕ್ಕದ ಆರ್‌ವಿಯ ಹಿರಿಯರು, ಸಾಂಡಿಯಾ ಎಂದರೆ ಸ್ಪ್ಯಾನಿಶ್‌ನಲ್ಲಿ ಕಲ್ಲಂಗಡಿ, ಹತ್ತು ನಿಮಿಷ ಕಾದು ಬೆಟ್ಟ ನೋಡಿ ಎಂದರು. ನಮ್ಮ ದೊಡ್ಡ ಕಿಟಕಿ ಇದ್ದದ್ದು ಪಶ್ಚಿಮಕ್ಕೆ. ಮಡಚು ಕುರ್ಚಿಗಳನ್ನು ಬಂಡಿಯ ಇನ್ನೊಂದು ಬದಿಗೆ ಒಯ್ದು ಹಾಕುವಷ್ಟರಲ್ಲಿ ಬೂದು ಬಂಡೆಗಳಿಗೆ ಆಗಲೇ ಗುಲಾಬಿ ಬಣ್ಣ ಏರತೊಡಗಿತ್ತು.