ಕೂಗುವವನ ಗಂಟಲೂ ನಾನು ಹಾಕದ ಸಹಿಯೂ

ಮೊನ್ನೆ ಒಬ್ಬ ಸಹಿ ಸಂಗ್ರಹ ಮಾಡುತ್ತಿದ್ದ. ಮನೆಗೆಲಸದವರಿಗೆ ವಾರಕ್ಕೊಂದು ರಜೆ ಬೇಕು ಅನ್ನುವ ಬೇಡಿಕೆ, ನಾನೂ ಒಪ್ಪುವಂಥದ್ದೇ. ಆದರೆ ಆತ ಕೂಗಾಡುತ್ತಿದ್ದ, ಎದುರಿನವರು ಮಾತು ಮುಗಿಸುವ ಮೊದಲೇ ಬೈಯುತ್ತಿದ್ದ. ನಾನು ಸಹಿ ಹಾಕದೆ ಸುಮ್ನೆ ಬಂದುಬಿಟ್ಟೆ. ಆಮೇಲೆ ರಾತ್ರಿಯೆಲ್ಲಾ ಕೊರೆಯಿತು. ಆತನ ಗಂಟಲಿಗೂ ಆ ಹೆಂಗಸರ ರಜೆಗೂ ಏನು ಸಂಬಂಧ?

ಆಗ ನೆನಪಾದವಳು ಕ್ಲಾಡೆಟ್ ಕಾಲ್ವಿನ್. ಅಮೆರಿಕದ ಮಾಂಟ್‌ಗೊಮರಿಯಲ್ಲಿ ಆಗ ಕಪ್ಪು ಜನ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಬೇಕಿತ್ತು, ಕಾನೂನೇ ಹಾಗಿತ್ತು. ಬಿಡಲ್ಲ ಅಂದವರು ಅಂದರೆ ನಮಗೆ ರೋಸಾ ಪಾರ್ಕ್ಸ್ ಗೊತ್ತು, 1955ರ ಡಿಸೆಂಬರ್ 1. ಅದಕ್ಕೂ ಒಂಬತ್ತು ತಿಂಗಳು ಮೊದಲೇ, ಮಾರ್ಚ್ 2ರಂದು, ಅದೇ ಊರಿನಲ್ಲಿ 15 ವರ್ಷದ ಕ್ಲಾಡೆಟ್ ಸೀಟು ಬಿಡದೆ ಕೂತಿದ್ದಳು, ಪೊಲೀಸರು ಎಳೆದುಕೊಂಡು ಹೋಗಿದ್ದರು. ಆದರೆ ಚಳವಳಿಯ ಹಿರಿಯರಿಗೆ ಅವಳನ್ನು ಮುಂದೆ ನಿಲ್ಲಿಸಲು ಧೈರ್ಯ ಬರಲಿಲ್ಲ. ವಯಸ್ಸು ಚಿಕ್ಕದು, ಸಿಟ್ಟು ಜಾಸ್ತಿ ಅಂದರು. ಮುಂದೆ ಅವಳು ಮದುವೆಯಾಗದೆ ಬಸುರಿಯೂ ಆದಳು. ರೋಸಾ ಪಾರ್ಕ್ಸ್‌ಗೆ 42 ವರ್ಷ, ಮೆದು ಮಾತು, ಎಲ್ಲರಿಗೂ ಗೌರವವಿದ್ದ ಹೆಂಗಸು. ಬಸ್ ಬಹಿಷ್ಕಾರ ಅವರ ಹೆಸರಿನಲ್ಲಿ ಶುರುವಾಗಿ 381 ದಿನ ನಡೆಯಿತು.

ಹಿರಿಯರು ತಪ್ಪು ಮಾಡಿದರು ಅಂತ ಹೇಳುವುದು ಸುಲಭ. ನನಗೆ ಹಾಗೆ ಹೇಳಲು ಆಗುತ್ತಿಲ್ಲ, ಯಾಕೆಂದರೆ ಎದುರಾಳಿಗಳು ಬಸ್ಸಿನ ವಿಷಯ ಬಿಟ್ಟು ಹುಡುಗಿಯ ಹೊಟ್ಟೆಯ ಬಗ್ಗೆಯೇ ಮಾತಾಡುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೊಟ್ಟೆ ಉರಿಯುತ್ತದೆ. ಕೊನೆಗೆ 1956ರಲ್ಲಿ ಬಸ್ಸಿನ ಆ ಕಾನೂನನ್ನು ಬೀಳಿಸಿದ ಮೊಕದ್ದಮೆಯಲ್ಲಿ ನಾಲ್ವರು ಹೆಂಗಸರು ವಾದಿಗಳಾಗಿದ್ದರು. ಅವರಲ್ಲಿ ಕ್ಲಾಡೆಟ್ ಒಬ್ಬಳು, ರೋಸಾ ಪಾರ್ಕ್ಸ್ ಇರಲಿಲ್ಲ! ಕೋರ್ಟಿಗೆ ಬೇಕಾಗಿದ್ದ ಹುಡುಗಿ ಪೋಸ್ಟರ್‌ಗೆ ಬೇಡವಾಗಿದ್ದಳು.

ಬೇಯಾರ್ಡ್ ರಸ್ಟಿನ್ ಅವರದ್ದೂ ಇದೇ ಕಥೆ. ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ನಡೆದ 1963ರ ವಾಷಿಂಗ್ಟನ್ ಮೆರವಣಿಗೆಯನ್ನು ಕಟ್ಟಿದವರು ಅವರು, ಆದರೆ ಸಲಿಂಗಿ ಅನ್ನುವ ಕಾರಣಕ್ಕೆ ಮುಖ್ಯಸ್ಥರ ಹೆಸರು ಬೇರೆಯವರದ್ದಾಯಿತು.

ಹಾಗಂತ ತೋರಿಕೆಯೆಲ್ಲಾ ಪೊಳ್ಳು ಅಂತಲೂ ಅಲ್ಲ. 1921ರಲ್ಲಿ ಮಧುರೆಯಲ್ಲಿ ಗಾಂಧೀಜಿ ಅಂಗಿ ಬಿಟ್ಟು ತುಂಡು ಪಂಚೆಗೆ ಬಂದರು. ಅಂಬೇಡ್ಕರ್ ಕೋಟು, ಟೈ ಹಾಕಿಕೊಂಡೇ ನಿಂತರು. ಇಬ್ಬರ ಬಟ್ಟೆಯೂ ಮಾತಾಡಿತು, ಅಲ್ವಾ? ಉಡಲು ಇದ್ದವರು ಬಿಟ್ಟಾಗ ಅದಕ್ಕೊಂದು ಅರ್ಥ. ಒಳ್ಳೆ ಬಟ್ಟೆ ಹಾಕಿದರೆ ಹೊಡೆಯುತ್ತಿದ್ದ ಸಮಾಜದಲ್ಲಿ, ಆ ಏಟು ತಿಂದ ಜನರ ನಡುವಿನಿಂದ ಬಂದವರು ಕೋಟು ಹಾಕಿದಾಗ ಆ ಕೋಟೇ ಬೇಡಿಕೆ.

ನಾಯಕರ ಬದುಕನ್ನು ನೋಡಬಾರದು ಅಂತಲೂ ನಾನು ಹೇಳುತ್ತಿಲ್ಲ. ಕೂಲಿ ಹೆಚ್ಚಿಸಿ ಅಂತ ಭಾಷಣ ಮಾಡುವವರು ತಮ್ಮ ಮನೆಯ ಕೆಲಸದವರಿಗೆ ಸಂಬಳ ಕೊಡದಿದ್ದರೆ ಕೇಳಲೇಬೇಕು, ಎದುರಿಗೇ ಕೇಳಬೇಕು. ಆದರೆ ಅಲ್ಲಿ ಸುಳ್ಳಾಗುವುದು ಆ ಮನುಷ್ಯನೇ ಹೊರತು ಕೂಲಿಯ ಲೆಕ್ಕವಲ್ಲ. ದಿನಕ್ಕೆ ಎಷ್ಟು ಗಂಟೆ ದುಡಿಮೆ, ಎಷ್ಟು ಕಾಸು ಅನ್ನುವುದು ಯಾರು ಹೇಳಿದರೂ ಅಷ್ಟೇ ಇರುತ್ತದೆ.

ಮರುದಿನ ಹೋಗಿ ಸಹಿ ಹಾಕಿದೆ. ದಯವಿಟ್ಟು ಬೈಯಬೇಡಿ ಅಂತ ಆತನಿಗೂ ಹೇಳಿದೆ. ನನ್ನ ಹಾಗೆ ಎದ್ದು ಹೋಗಿ, ತಿರುಗಿ ಬರದವರು ಎಷ್ಟು ಜನರೋ.