ಪಾಲಿಮರ್‌ನ ಬೈಯೋಕ್ ಮುಂಚೆ ಮೇಲಿರೋ ಮೆಟಲ್ ನೋಡಿ

ಬೆಂಗಳೂರಿನ ಒಂದು ಲ್ಯಾಬಲ್ಲಿ ಪಾಲಿಮರ್ ಎಲ್‌ಇಡಿ, ಅಂದ್ರೆ ಕರೆಂಟ್ ಕೊಟ್ರೆ ಬೆಳಗೋ ಪ್ಲಾಸ್ಟಿಕ್ ಥರದ ತೆಳು ಪದರದ ದೀಪ, ಮಾಡೋದು ನನ್ ಕೆಲ್ಸ. ಹೊಸದಾಗಿ ಸೇರೋ ಹುಡುಗ್ರು ಡಿವೈಸ್ ಮಂಕಾಗಿ ಹತ್ತಿದ ತಕ್ಷಣ "ಸಾರ್ ಈ ಬ್ಯಾಚ್ ಪಾಲಿಮರ್ರೇ ಸರಿ ಇಲ್ಲ" ಅಂತಾರೆ, ಮೇಲೆ ಕೂರಿಸಿರೋ ಮೆಟಲ್ ಯಾರ್ ಲೆಕ್ಕಕ್ಕೂ ಇಲ್ಲ, ಅದು ಬರೀ ವೈರ್ ತಾನೆ ಅಂತ.

1990ರಲ್ಲಿ ಕೇಂಬ್ರಿಡ್ಜ್‌ನೋರು ಪಿಪಿವಿ ಅನ್ನೋ ಪಾಲಿಮರ್‌ನಿಂದ ಬೆಳಕು ತರಿಸಿದ್ರು, ಆದ್ರೆ ದಕ್ಷತೆ ತೀರಾ ಕಮ್ಮಿ. ಮುಂದಿನ ವರ್ಷವೇ ಅಮೆರಿಕದಲ್ಲಿ ಬ್ರೌನ್, ಹೀಗರ್ ಇಬ್ರೂ ಅದರದ್ದೇ ಇನ್ನೊಂದು ರೂಪ ಎಂಇಎಚ್-ಪಿಪಿವಿ ಮೇಲೆ ಕ್ಯಾಲ್ಸಿಯಂ ಹಾಕಿ ಸುಮಾರು 1% ಮುಟ್ಟಿಸಿದ್ರು. ಈ ಪಾಲಿಮರ್‌ಗಳಲ್ಲಿ ಎಲೆಕ್ಟ್ರಾನ್ ಕೂರೋ ಮಟ್ಟ 3 ಎಲೆಕ್ಟ್ರಾನ್ ವೋಲ್ಟ್ ಹತ್ರ, ಅಲ್ಯೂಮಿನಿಯಂ ವರ್ಕ್ ಫಂಕ್ಷನ್ (ಲೋಹದಿಂದ ಎಲೆಕ್ಟ್ರಾನ್ ಕೀಳಕ್ಕೆ ಬೇಕಾದ ಶಕ್ತಿ) 4.3 ಹತ್ರ, ಕ್ಯಾಲ್ಸಿಯಂದು 2.9, ಅಂದ್ರೆ ಮಟ್ಟ ಹೆಚ್ಚುಕಮ್ಮಿ ಒಂದೇ ಆಗಿ ಕ್ಯಾಲ್ಸಿಯಂನಿಂದ ಎಲೆಕ್ಟ್ರಾನ್ ಸಲೀಸಾಗಿ ಒಳಗ್ ಹೋಗತ್ತೆ.

ಇಷ್ಟು ಎಲ್ಲಾರೂ ಕ್ಲಾಸಲ್ಲಿ ಓದಿರ್ತಾರೆ. ಲೋಹ ಪಾಲಿಮರ್ ಜೊತೆ ರಿಯಾಕ್ಟೂ ಮಾಡತ್ತೆ ಅನ್ನೋದೇ ಮರೆತುಹೋಗಿರತ್ತೆ. ಅಲ್ಯೂಮಿನಿಯಂ ಪಿಪಿವಿಯ ವಿನೈಲೀನ್ (ಉಂಗುರಗಳನ್ನ ಜೋಡಿಸೋ ಡಬಲ್ ಬಾಂಡ್ ಭಾಗ) ಕಾರ್ಬನ್‌ಗೇ ನೇರ ಬಾಂಡ್ ಆಗಿ ಅಂಟ್ಕೊಂಡು, ಎಲೆಕ್ಟ್ರಾನ್ ಓಡಾಡೋ ದಾರಿಯಾದ, ಒಂದು ಬಿಟ್ಟು ಒಂದು ಇರೋ ಡಬಲ್ ಬಾಂಡ್ ಸಾಲನ್ನ ಅಲ್ಲೇ ಕಡಿದುಬಿಡತ್ತೆ. ಕ್ಯಾಲ್ಸಿಯಂ ಹಂಗಲ್ಲ, ಎಲೆಕ್ಟ್ರಾನ್ ಕೊಟ್ಟು ತಾನು ಅಯಾನ್ ಆಗಿ ಸ್ವಲ್ಪ ಒಳಗೂ ಇಳಿಯತ್ತೆ, ಹೀಗೆ ಹೆಚ್ಚು ಎಲೆಕ್ಟ್ರಾನ್ ಸೇರಿ ಡೋಪ್ ಆದ ಪದರದ ಹತ್ರ ಬೆಳಕು ಸತ್ತೇ ಹೋಗತ್ತೆ. ತಮಾಷೆ ಅಂದ್ರೆ ಮೆಟಲ್ ಹಾಕುವಾಗ ವ್ಯಾಕ್ಯೂಮ್ ಅತಿ ಕ್ಲೀನ್ ಇದ್ರೆ ಈ ಕಾಟ ಜಾಸ್ತಿ, ಚೂರು ಆಕ್ಸಿಜನ್ ಉಳಿದಿದ್ರೆ ನಡುವೆ ತೆಳು ಆಕ್ಸೈಡ್ ಬಂದು ಡಿವೈಸ್ ವಾಸಿ ಆಗೋದೂ ಉಂಟು. ಹಂಗಂತ ಗ್ಲವ್ ಬಾಕ್ಸ್ (ಗಾಳಿ, ತೇವ ಇಲ್ದೆ ಕೆಲ್ಸ ಮಾಡೋ ಪೆಟ್ಟಿಗೆ) ಲೀಕ್ ಬಿಟ್ಕೊಂಡು ಕೂತ್ಕೋಬೇಡಿ ಮತ್ತೆ.

ಕ್ಯಾಲ್ಸಿಯಂ ತೇವಕ್ಕೆ ಎಷ್ಟು ಹೆದರತ್ತೆ ಅಂತ ಕಣ್ಣಾರೆ ನೋಡ್ಬೇಕಾ, ಅಲ್ಯೂಮಿನಿಯಂ ಮುಚ್ಚದೆ ಇರೋ ತೆಳು ಫಿಲ್ಮನ್ನ ಜುಲೈ ತಿಂಗಳ ಮಳೇಲಿ ಹೊರಗ್ ತನ್ನಿ. ಕನ್ನಡಿ ಥರ ಫಳಫಳ ಅಂತಿದ್ದಿದ್ದು ಅಂಚಿಂದ ಮಸುಕಾಗ್ತಾ ಬಂದು ಆಚೆ ಕಡೆ ಕೈ ಇಟ್ರೆ ಬೆರಳು ಕಾಣೋ ಹಂಗಾಗತ್ತೆ. ಸೀಲ್ ಸರಿಯಾಗಿದ್ಯಾ ಅಂತ ಟೆಸ್ಟ್ ಮಾಡಕ್ಕೆ ಇದನ್ನೇ ಬಳಸ್ತಾರೆ. ಪೂರ್ತಿ ಡಿವೈಸಲ್ಲಾದ್ರೆ ಕ್ಯಾಥೋಡ್, ಅಂದ್ರೆ ಮೇಲಿನ ಲೋಹದ ಪದರದ, ಸಣ್ಣ ತೂತುಗಳಿಂದ ನೀರು ನುಗ್ಗಿ, ಬೆಳಗೋ ಜಾಗದಲ್ಲಿ ಕಪ್ಪು ಚುಕ್ಕೆ ಬಿದ್ದು ಅಗಲ ಆಗ್ತಾ ಹೋಗತ್ತೆ.

ಈಗ ನಮ್ಮಲ್ಲಿ ಯಾರಾದ್ರೂ ಪಾಲಿಮರ್ ಮೇಲೆ ಕಂಪ್ಲೇಂಟ್ ತಂದ್ರೆ, ಒಂದೇ ಫಿಲ್ಮ್‌ನ ಅರ್ಧಕ್ಕೆ ಬರೀ ಅಲ್ಯೂಮಿನಿಯಂ, ಇನ್ನರ್ಧಕ್ಕೆ ಒಂದು ನ್ಯಾನೋಮೀಟರ್‌ಗಿಂತ ತೆಳ್ಳಗೆ ಲಿಥಿಯಂ ಫ್ಲೋರೈಡ್ (ಎಲೆಕ್ಟ್ರಾನ್ ಒಳಗ್ ಹೋಗೋದನ್ನ ಸಲೀಸು ಮಾಡೋ ಉಪ್ಪು) ಹಾಕಿ ಮೇಲೆ ಅಲ್ಯೂಮಿನಿಯಂ ಹಾಕಿಸ್ತೀನಿ. ಎರಡನೇ ಅರ್ಧ ಚೆನ್ನಾಗಿ ಹತ್ತಿದ್ರೆ ತಪ್ಪು ಮೆಟಲ್ ಕಡೇದು, ಪಾಲಿಮರ್ ಸಪ್ಲೈಯರ್‌ಗೆ ಮೇಲ್ ಹಾಕೋ ಮಾತೇ ಇಲ್ಲ.