ಪೇಪರ್ ಮೇಲೆ ಹೆಸರಿದ್ದ ಮೇಲೆ ಉತ್ತರವನ್ನೂ ಹೇಳಬೇಕು

ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಈಗ ರಾಜಾರೋಷವಾಗಿ ಓಡಾಡುವ ಮೆಸೇಜ್ ಇದು: ಸ್ಕೋಪಸ್ ಪೇಪರ್ ರೆಡಿ ಇದೆ, ಎರಡನೇ ಮತ್ತು ನಾಲ್ಕನೇ ಆಥರ್ ಜಾಗ ಖಾಲಿ ಇದೆ, ಬೇಕಾದವರು ಸಂಪರ್ಕಿಸಿ. ಜಾಗಕ್ಕೊಂದು ರೇಟು. ಸ್ಕೋಪಸ್ ಅಂದರೆ ಸಂಶೋಧನಾ ಜರ್ನಲ್‌ಗಳ ಒಂದು ದೊಡ್ಡ ಪಟ್ಟಿ. ಪ್ರಮೋಷನ್‌ಗೆ ಅಂಕ ಬೇಕು, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದರೆ ಕಾಲೇಜು ಪೇಪರುಗಳ ಲೆಕ್ಕ ತೋರಿಸಬೇಕು, ಅದೆಲ್ಲ ನಿಜ. ಇಂಥ ಮೆಸೇಜ್ ನೋಡಿದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಛೀ ಅನ್ನುತ್ತಾರೆ. ಆದರೆ ದುಡ್ಡು ಕೈ ಬದಲಾಗದೆ ಅದೇ ಕೆಲಸ ಅದೇ ಸ್ಟಾಫ್ ರೂಮಿನಲ್ಲಿ ನಡೆದಾಗ ಯಾರೂ ಬಾಯಿ ಬಿಡುವುದಿಲ್ಲ. ನನಗೆ ಹೆಚ್ಚು ಸಂಕಟ ಆಗುವುದು ಅದಕ್ಕೆ.

ನಾನು ತುಮಕೂರಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ನಮ್ಮ ಜಿಲ್ಲೆಯಲ್ಲಿ ಈ ವಿಷಯದಲ್ಲಿ ಸಂಶೋಧನೆ ಅಂತ ಹೊರಟವರು ಬಹಳಷ್ಟು ಜನ ಕೊನೆಗೆ ನೀರಿಗೇ ಬಂದು ನಿಲ್ಲುತ್ತಾರೆ. ಪಾವಗಡದ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಸಮಸ್ಯೆ ಇವತ್ತಿನದಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು ಅಂತ ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ಇನ್ನೂ ಜಾಸ್ತಿಯಾದರೆ ಮೂಳೆಗೆ ಹೋಗುತ್ತದೆ. ಅಂದರೆ ನಾವು ಬರೆಯುವ ಒಂದೊಂದು ಅಂಕಿಯ ಹಿಂದೆಯೂ ಆ ನೀರು ಕುಡಿಯುವ ಜನ ಇದ್ದಾರೆ.

ಬೇರೊಂದು ಕಾಲೇಜಿನ ಎಂಎಸ್ಸಿ ಹುಡುಗಿಯೊಬ್ಬಳು ಆ ಕಡೆಯ ಹಳ್ಳಿಗಳಲ್ಲಿ ನೀರಿನ ಸ್ಯಾಂಪಲ್ ತಂದಿದ್ದಳು. ಫ್ಲೋರೈಡ್ ಗಾಜಿನ ಜೊತೆ ಸೇರಿಕೊಳ್ಳುತ್ತದೆ, ಅದಕ್ಕೆ ಪ್ಲಾಸ್ಟಿಕ್ ಬಾಟಲಿಯೇ ಬೇಕು. ಪಂಪು ಹೊಡೆದು ಸ್ವಲ್ಪ ಹೊತ್ತು ನೀರು ಹರಿಯಲು ಬಿಟ್ಟು, ಅದೇ ನೀರಿನಲ್ಲಿ ಬಾಟಲಿ ತೊಳೆದು, ತುಂಬಿಸಿ, ಊರು, ಬೋರ್‌ವೆಲ್ ಆಳ, ತಾರೀಖು ಎಲ್ಲ ಮಾರ್ಕರ್‌ನಲ್ಲಿ ಬರೆದು, ಚೀಲದಲ್ಲಿ ಹೊತ್ತುಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ಲ್ಯಾಬಿನಲ್ಲಿ ಎಲೆಕ್ಟ್ರೋಡ್ ಹಿಡಿದು ಅಳೆದವಳೂ ಅವಳೇ. ಪೇಪರ್ ಹೊರಗೆ ಬಂತು. ಮೊದಲು ಗೈಡ್ ಹೆಸರು, ಆಮೇಲೆ ವಿಭಾಗದ ಮುಖ್ಯಸ್ಥರು, ಆಮೇಲೆ ಪ್ರಿನ್ಸಿಪಾಲರು, ಕೊನೆಗೆ ಬೇರೆ ಊರಿನ ಒಬ್ಬ ಸ್ನೇಹಿತರು, ಅವರ ಪೇಪರಿನಲ್ಲಿ ಈ ಗೈಡ್ ಹೆಸರು ಬರುತ್ತದೆ, ಅದಕ್ಕೆ. ಹುಡುಗಿಯ ಹೆಸರು ಎಲ್ಲೂ ಇಲ್ಲ. "ಮೇಡಂ, ಕೊನೇಲಾದ್ರೂ ಹಾಕ್ಬಹುದಿತ್ತು ಅಲ್ವಾ?" ಅಂತ ನನ್ನನ್ನು ಕೇಳಿದಳು.

ಅನ್ಯಾಯ ಇಷ್ಟಕ್ಕೇ ಮುಗಿಯಲಿಲ್ಲ. ಆ ಪೇಪರಿನಲ್ಲಿ ಒಂದು ಊರಿನ ಫ್ಲೋರೈಡ್ ತುಂಬಾ ಜಾಸ್ತಿ ಇತ್ತು. ಆ ಊರಿನವರೊಬ್ಬರು ಫೋನ್ ಮಾಡಿ, ನಮ್ಮಲ್ಲಿ ಎರಡು ಬೋರ್‌ವೆಲ್ ಇವೆ, ಇದು ಶಾಲೆ ಹತ್ತಿರದ್ದಾ, ಗುಡಿ ಹತ್ತಿರದ್ದಾ ಅಂತ ಕೇಳಿದರು. ಎಷ್ಟು ಸರಳವಾದ ಪ್ರಶ್ನೆ ನೋಡಿ. ನಾಲ್ಕು ಜನ ಆಥರುಗಳಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ.

ವೈದ್ಯಕೀಯ ಜರ್ನಲ್‌ಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಅಂದರೆ ಐಸಿಎಂಜೆಇ, ಆಥರ್ ಯಾರು ಅನ್ನುವುದಕ್ಕೆ ನಾಲ್ಕು ಷರತ್ತು ಹಾಕಿದೆ. ಕೆಲಸದ ಯೋಜನೆಯಲ್ಲೋ ಮಾಹಿತಿ ಕೂಡಿಸುವುದರಲ್ಲೋ ವಿಶ್ಲೇಷಣೆಯಲ್ಲೋ ದೊಡ್ಡ ಪಾಲಿರಬೇಕು, ಬರೆದಿರಬೇಕು ಅಥವಾ ಗಂಭೀರವಾಗಿ ತಿದ್ದಿರಬೇಕು, ಕೊನೆಯ ಪ್ರತಿ ಓದಿ ಒಪ್ಪಿರಬೇಕು, ಪೂರ್ತಿ ಕೆಲಸಕ್ಕೆ ಜವಾಬ್ದಾರಿ ಹೊರಬೇಕು. ನಾಲ್ಕೂ ಬೇಕು. ಬರೀ ದುಡ್ಡು ತಂದುಕೊಟ್ಟರೆ, ವಿಭಾಗ ನೋಡಿಕೊಂಡರೆ ಆಗುವುದಿಲ್ಲ, ಅಂಥವರಿಗೆ ಕೃತಜ್ಞತೆಯ ಸಾಲಿನಲ್ಲಿ ಜಾಗ ಇದೆ. ಇಷ್ಟರಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ನಾಲ್ಕನೆಯದು. ದಡಾರ ಮುಂತಾದ ರೋಗ ತಡೆಯಲು ಮಕ್ಕಳಿಗೆ ಹಾಕುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಇಲ್ಲದ ನಂಟು ಹಾಕಿ 1998ರಲ್ಲಿ ವೈದ್ಯಕೀಯ ಜರ್ನಲ್ ಲ್ಯಾನ್ಸೆಟ್‌ನಲ್ಲಿ ಬಂದ ಪೇಪರಿಗೆ ಹದಿಮೂರು ಜನ ಆಥರುಗಳು. ಅವರಲ್ಲಿ ಹತ್ತು ಜನ ಆ ಅರ್ಥವಿವರಣೆಯಿಂದ ಹಿಂದೆ ಸರಿದದ್ದು 2004ರಲ್ಲಿ, ಜರ್ನಲ್ ಪೇಪರನ್ನೇ ವಾಪಸ್ ಪಡೆದದ್ದು 2010ರಲ್ಲಿ. ಅಷ್ಟರಲ್ಲಿ ಎಷ್ಟೋ ತಾಯಂದಿರು ಮಕ್ಕಳಿಗೆ ಲಸಿಕೆ ಹಾಕಿಸಲು ಹೆದರಿ ಆಗಿತ್ತು.

ನಮ್ಮಲ್ಲಿ ಎಲ್ಲರೂ ಹೆದರುವುದು ನಕಲು ಹಿಡಿಯುವ ಸಾಫ್ಟ್‌ವೇರ್ ತೋರಿಸುವ ಪರ್ಸೆಂಟೇಜಿಗೆ. ಯುಜಿಸಿಯ 2018ರ ನಿಯಮದ ಪ್ರಕಾರ ಥೀಸಿಸ್‌ನಲ್ಲಿ ಬೇರೆ ಬರಹಗಳ ಜೊತೆಗಿನ ಹೋಲಿಕೆ ಶೇ 10ರ ಒಳಗಿದ್ದರೆ ಶಿಕ್ಷೆ ಇಲ್ಲ, ಶೇ 60 ದಾಟಿದರೆ ಪಿಎಚ್‌ಡಿ ನೋಂದಣಿಯೇ ರದ್ದಾಗುತ್ತದೆ. ಒಳ್ಳೆಯ ನಿಯಮವೇ. ಆದರೆ ಕೂತಲ್ಲೇ ಬರೆದ ಸುಳ್ಳು ಅಂಕಿ ಆ ಸಾಫ್ಟ್‌ವೇರಿಗೆ ಕಾಣುವುದಿಲ್ಲ. ಬಿಟ್ಟುಹೋದ ಹುಡುಗಿಯ ಹೆಸರೂ ಕಾಣುವುದಿಲ್ಲ.

ಸುಳ್ಳು ಅಂಕಿ ಹಿಡಿಯಬೇಕಾದವರು ರಿವ್ಯೂವರ್, ಅಂದರೆ ಪ್ರಕಟವಾಗುವ ಮೊದಲು ಪೇಪರನ್ನು ಪರಿಶೀಲಿಸುವ ಅದೇ ವಿಷಯದ ತಜ್ಞರು. ನೀರಿನ ಪೇಪರ್ ಬಂದರೆ ನಾನು ಮೊದಲು ಟೇಬಲ್ ತೆಗೆಯುತ್ತೇನೆ. ನೀರಿನಲ್ಲಿ ಕರಗಿ ಚಾರ್ಜು ಹೊತ್ತ ಕಣಗಳೇ ಅಯಾನುಗಳು, ಅವುಗಳಲ್ಲಿ ಧನ ಅಯಾನುಗಳ ಚಾರ್ಜು ಮತ್ತು ಋಣ ಅಯಾನುಗಳ ಚಾರ್ಜು ಸಮ ಆಗಲೇಬೇಕು. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಒಂದು ಕಡೆ, ಬೈಕಾರ್ಬನೇಟ್, ಕ್ಲೋರೈಡ್, ಸಲ್ಫೇಟ್ ಇತ್ಯಾದಿ ಇನ್ನೊಂದು ಕಡೆ ಕೂಡಿಸಿ ನೋಡಿದರೆ ಸಾಮಾನ್ಯವಾಗಿ ಶೇ 5ರ ಆಸುಪಾಸಿನಲ್ಲಿ ವ್ಯತ್ಯಾಸ ಒಪ್ಪುತ್ತೇವೆ. ಶೇ 30 ಬಂದರೆ ಏನೋ ತಪ್ಪಾಗಿದೆ. ಎಲ್ಲ ಸಾಲಿನಲ್ಲೂ ಕರಾರುವಾಕ್ಕಾಗಿ ಸೊನ್ನೆ ಬಂದರೆ ಇನ್ನೂ ದೊಡ್ಡ ಅನುಮಾನ. ಕ್ಯಾಲ್ಸಿಯಂ ಜಾಸ್ತಿ ಇರುವ ನೀರಿನಲ್ಲಿ ಫ್ಲೋರೈಡ್ ತುಂಬಾ ಏರುವುದು ಕಷ್ಟ, ಎರಡೂ ಸೇರಿ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕೆ ಕೂರುತ್ತದೆ. ಎರಡೂ ಒಟ್ಟಿಗೆ ಏರಿದ ಸಾಲು ಕಂಡರೆ ಲ್ಯಾಬ್ ಪುಸ್ತಕದ ಅಂಕಿಗಳನ್ನು ಕೇಳಬೇಕು. ಇದಕ್ಕೆ ಕ್ಯಾಲ್ಕುಲೇಟರ್ ಸಾಕು. "ಭಾಷೆ ಸುಧಾರಿಸಿ, ಪ್ರಕಟಿಸಬಹುದು" ಅಂತ ಎರಡು ಸಾಲು ಬರೆದು ಕಳಿಸುವವರು ಇಷ್ಟನ್ನೂ ನೋಡಿರುವುದಿಲ್ಲ.

ಇನ್ನು ರಿವ್ಯೂ ನೆಪದಲ್ಲಿ ನನ್ನ ಐದು ಪೇಪರ್ ಸೈಟ್ ಮಾಡಿ, ಅಂದರೆ ನಿಮ್ಮ ಪೇಪರಿನಲ್ಲಿ ಉಲ್ಲೇಖಿಸಿ ಅನ್ನುವುದು ಸುಲಿಗೆ, ಬೇರೆ ಮಾತಿಲ್ಲ. ಪ್ರಕಟವಾಗದ ಪೇಪರನ್ನು ಎಡಿಟರ್‌ಗೆ ಹೇಳದೆ ಶಿಷ್ಯರ ಕೈಗೆ ಕೊಡುವುದೂ ತಪ್ಪು. ಚಾಟ್‌ಬಾಟ್‌ಗೆ ಹಾಕಿ ರಿವ್ಯೂ ಬರೆಸುವುದೂ ಅಷ್ಟೇ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ತನ್ನ ಅನುದಾನದ ಅರ್ಜಿಗಳನ್ನು ಪರಿಶೀಲಿಸುವವರಿಗೆ 2023ರಲ್ಲೇ ಇದನ್ನು ನಿಷೇಧಿಸಿತು, ಗುಟ್ಟಾಗಿ ಇಡಬೇಕಾದದ್ದು ಹೊರಗೆ ಹೋಗುತ್ತದೆ ಅನ್ನುವ ಕಾರಣಕ್ಕೆ.

ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ನಾನು ಹೇಳುವುದು: ಸ್ಯಾಂಪಲ್ ತರಲು ಹೋಗುವ ಮುಂಚೆಯೇ ಯಾರ ಹೆಸರು ಎಲ್ಲಿ ಬರುತ್ತದೆ ಅಂತ ಗೈಡ್ ಹತ್ತಿರ ಮಾತಾಡಿ, ಮಾತಾಡಿದ್ದನ್ನು ಅವತ್ತೇ ಇಮೇಲ್‌ನಲ್ಲಿ ಹಾಕಿ. ಜಗಳ ಮಾಡಿದ ಹಾಗೆ ಅನ್ನಿಸುತ್ತದೆ ಅಂತ ಸುಮ್ನಿರಬೇಡಿ. ಲ್ಯಾಬ್ ಪುಸ್ತಕ ನಿಮ್ಮ ಕೈಬರಹದಲ್ಲೇ ಇರಲಿ, ಅದರ ಫೋಟೋ ನಿಮ್ಮ ಹತ್ತಿರ ಇರಲಿ. ನನ್ನ ಜೊತೆಯ ಮೇಷ್ಟ್ರುಗಳಿಗೆ ಹೇಳುವುದು: ನಿಮ್ಮ ಹಳೆಯ ವಿದ್ಯಾರ್ಥಿಯ ಪೇಪರ್ ರಿವ್ಯೂಗೆ ಬಂದರೆ ಎಡಿಟರ್‌ಗೆ ತಿಳಿಸಿ ವಾಪಸ್ ಕಳಿಸಿ, ವಿಷಯ ಗೊತ್ತಿಲ್ಲ ಅಥವಾ ಪುರುಸೊತ್ತಿಲ್ಲ ಅಂದರೆ ಎರಡು ದಿನದಲ್ಲೇ ಆಗಲ್ಲ ಅಂತ ಬರೆಯಿರಿ. ನೀವು ತಿಂಗಳುಗಟ್ಟಲೆ ಇಟ್ಟುಕೊಂಡ ಪೇಪರಿಗೆ ಆ ಕಡೆ ಯಾರೋ ಒಬ್ಬರು ಥೀಸಿಸ್ ಸಲ್ಲಿಸಲಾಗದೆ ಕಾಯುತ್ತಿರುತ್ತಾರೆ.